ಹಡಗಲಿಗೆ ಉಂಟು, ಹರಪನಹಳ್ಳಿಗೆ ಇಲ್ಲ

ಹಿರೇಹಡಗಲಿ ಸೀಮೆಯಿಂದ ದಕ್ಷಿಣಕ್ಕೆ ಹೊಲ ಹಿಡಿದು ಹೊರಟರೆ ಎಲ್ಲೋ ಒಂದು ಬದುವಿನ ಮೇಲೆ ಹಡಗಲಿ ತಾಲ್ಲೂಕು ಮುಗಿದು ಹರಪನಹಳ್ಳಿ ತಾಲ್ಲೂಕು ಶುರುವಾಗುತ್ತದೆ. ಆಚೆಯೂ ಅದೇ ಮೆಕ್ಕೆಜೋಳ, ಈಚೆಯೂ ಅದೇ ಮೆಕ್ಕೆಜೋಳ. ಹೆಣ್ಣು ಕೊಟ್ಟು ತಂದ ಬೀಗತನ ಎರಡೂ ಕಡೆಗಿದೆ. ಮೈಲಾರದ ಕಾರಣಿಕ ಕೇಳಲು ಎರಡೂ ಕಡೆಯವರು ಹೋಗುತ್ತಾರೆ, ಮಳೆ ಕೈಕೊಟ್ಟರೆ ಎರಡೂ ಕಡೆಯವರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಎರಡು ತಾಲ್ಲೂಕು ಎಂದು ನೆನಪಾಗುವುದು ಪಹಣಿ ತೆಗೆಸುವಾಗ ಮಾತ್ರ.

2010ರ ಫೆಬ್ರುವರಿಯಿಂದ ಸುಮಾರು ಎರಡು ವರ್ಷ ಮಾತ್ರ ಈ ಬದುವಿನ ಮಾತೇ ಬೇರೆಯಾಗಿತ್ತು. ಬದುವಿನ ಈಚೆ ಇದ್ದ ಬಿಪಿಎಲ್ ಕುಟುಂಬದ ಯಜಮಾನನಿಗೆ ಎದೆನೋವು ಬಂದು, ರಕ್ತನಾಳ ಕಟ್ಟಿದೆ ಎಂದು ಗೊತ್ತಾದರೆ, ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಸರ್ಕಾರ ಕಟ್ಟುತ್ತಿತ್ತು. ಆಚೆ ಇದ್ದವನ ಕೈಯಲ್ಲೂ ಅದೇ ಬಣ್ಣದ ರೇಷನ್ ಕಾರ್ಡ್ ಇತ್ತು. ಅವನ ಬಿಲ್ಲನ್ನು ಅವನೇ ಕಟ್ಟಬೇಕಿತ್ತು, ಇಲ್ಲವೇ ಕಟ್ಟಲಾರದೆ ಊರಿಗೆ ವಾಪಸ್ ಬರಬೇಕಿತ್ತು.

ಇದರ ಹಿಂದೆ ಯಾರ ದುರುದ್ದೇಶವೂ ಇರಲಿಲ್ಲ, ಇದ್ದದ್ದು ನಕ್ಷೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಸೇರಿಸಿತು, ಹಡಗಲಿ ಬಳ್ಳಾರಿಯಲ್ಲೇ ಉಳಿಯಿತು. ಬಳ್ಳಾರಿ ಗುಲ್ಬರ್ಗ ಕಂದಾಯ ವಿಭಾಗದ್ದು, ದಾವಣಗೆರೆ ಬೆಂಗಳೂರು ವಿಭಾಗದ್ದು. ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಗುಲ್ಬರ್ಗ ವಿಭಾಗಕ್ಕೆ, ಅದೇ ವರ್ಷ ಬೆಳಗಾವಿ ವಿಭಾಗಕ್ಕೆ. ದಕ್ಷಿಣದ ಎರಡು ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ಹಿಂದುಳಿದ ಉತ್ತರಕ್ಕೆ ಮೊದಲ ಪಂಕ್ತಿ ಎಂಬ ಲೆಕ್ಕ ಮೇಲ್ನೋಟಕ್ಕೆ ನ್ಯಾಯವಾದದ್ದೇ. ಆದರೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ತೆಗೆದು ನೋಡಿ: ಹಡಗಲಿ ‘ಅತಿ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿದೆ, ಹರಪನಹಳ್ಳಿ ಅದಕ್ಕಿಂತ ಕೆಳಗಿನ ‘ಅತ್ಯಂತ ಹಿಂದುಳಿದ’ ಪಟ್ಟಿಯಲ್ಲಿದೆ. ಹೆಚ್ಚು ಬಡ ತಾಲ್ಲೂಕು ಯೋಜನೆಯ ಹೊರಗುಳಿಯಿತು, ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದದ್ದು ಒಳಗೆ ಬಂತು. ಮುಂದೆ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಮೀಸಲು ಕೊಟ್ಟ 371(ಜೆ) ವಿಧಿ ಬಂದಾಗಲೂ ಇದೇ ಬದು ಅಡ್ಡ ನಿಂತು, ಹಡಗಲಿಯ ಹುಡುಗಿಗೆ ಮೆಡಿಕಲ್ ಸೀಟಿನಲ್ಲಿ ಸಿಕ್ಕ ಮೀಸಲು ಹರಪನಹಳ್ಳಿಯ ಹುಡುಗಿಗೆ ಸಿಗಲಿಲ್ಲ. ಹೋರಾಟ ಮಾಡಿ ಆ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು. ಈಗ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಎಲ್ಲವೂ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ಸೆರಗಿನಲ್ಲಿವೆ.

ನಕ್ಷೆಯ ಈ ಅನ್ಯಾಯ ಸಂಶೋಧಕರಿಗೆ ಮಾತ್ರ ವರವಾಯಿತು. ಉಚಿತ ಚಿಕಿತ್ಸೆಯಿಂದ ಜೀವ ಉಳಿಯುತ್ತದೆಯೇ ಎಂದು ಪರೀಕ್ಷಿಸಲು ಅರ್ಧ ಜನಕ್ಕೆ ಚಿಕಿತ್ಸೆ ಕೊಟ್ಟು ಉಳಿದರ್ಧಕ್ಕೆ ತಪ್ಪಿಸುವ ಕ್ರೂರ ಕೆಲಸವನ್ನು ಯಾವ ವಿಜ್ಞಾನಿಯೂ ಮಾಡಲಾರ. ಇಲ್ಲಿ ಸರ್ಕಾರವೇ ಗೆರೆ ಎಳೆದುಕೊಟ್ಟಿತ್ತು. ಸಂಶೋಧಕ ನೀರಜ್ ಸೂದ್ ಮತ್ತು ಸಂಗಡಿಗರು ಆ ಗೆರೆಯ ಇಕ್ಕೆಲದ ಒಟ್ಟು 572 ಹಳ್ಳಿಗಳ ಸುಮಾರು 60 ಸಾವಿರ ಮನೆಗಳ ಮಾಹಿತಿ ಕಲೆಹಾಕಿದರು. ಗೆರೆ ಉದ್ದವಾದದ್ದು, ಹಡಗಲಿ–ಹರಪನಹಳ್ಳಿ ಗಡಿ ಅದರ ಒಂದು ತುಂಡು. ಅವರ ಲೇಖನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ಹೃದ್ರೋಗ, ಕ್ಯಾನ್ಸರ್ ಮುಂತಾದ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಗೆರೆಯ ದಕ್ಷಿಣದ ಬಿಪಿಎಲ್ ಮನೆಗಳಲ್ಲಿ ಶೇ 0.90 ಇದ್ದರೆ, ಉತ್ತರದಲ್ಲಿ ಶೇ 0.32. ಬಿಪಿಎಲ್ ಕಾರ್ಡ್ ಇಲ್ಲದ ಎಪಿಎಲ್ ಮನೆಗಳಲ್ಲಿ ಗೆರೆಯ ಎರಡೂ ಬದಿಗೆ ವ್ಯತ್ಯಾಸ ಕಾಣಲಿಲ್ಲ. ಯೋಜನೆಯ ವ್ಯಾಪ್ತಿಗೆ ಬಾರದ ರೋಗಗಳ ಸಾವಿನಲ್ಲೂ ಇಲ್ಲ. ದೊಡ್ಡಾಸ್ಪತ್ರೆಗೆ ದಾಖಲಾದಾಗ ಕೈಯಿಂದ ಹಾಕುವ ಹಣ ಶೇ 64ರಷ್ಟು ಇಳಿದಿತ್ತು.

ಎರಡೇ ವರ್ಷದಲ್ಲಿ ಸಾವು ಮೂರರಲ್ಲಿ ಒಂದು ಪಾಲಿಗೆ ಇಳಿಯಿತೆಂದರೆ ಹುಬ್ಬೇರುವುದು ಸಹಜ. ನನಗೂ ಆ ಅಂಕಿ ಸ್ವಲ್ಪ ಉದಾರವಾಗಿಯೇ ಕಂಡಿತು, ಒಂದು ಅಧ್ಯಯನದ ಮೇಲೆ ರಾಜ್ಯದ ನೀತಿಯನ್ನೆಲ್ಲ ಕಟ್ಟಲಾಗದು. ಆದರೆ ಅರ್ಧದಷ್ಟನ್ನೇ ನಂಬಿದರೂ ಒಂದು ವಿಷಯ ತೀರ್ಮಾನವಾದಂತೆ. ಹಣವಿಲ್ಲದ್ದಕ್ಕೆ ಜನ ಸಾಯುತ್ತಿದ್ದರು, ಸರ್ಕಾರ ಹಣ ಕಟ್ಟಿದಾಗ ಅವರಲ್ಲಿ ಕೆಲವರು ಬದುಕಿದರು.

ಆ ಯೋಜನೆಯ ಒಂದೆರಡು ಗುಣಗಳು ಇಂದು ಮರೆತೇಹೋಗಿವೆ. ಕಂತು ಕಟ್ಟಬೇಕಿರಲಿಲ್ಲ, ಹೆಸರು ನೋಂದಾಯಿಸಬೇಕಿರಲಿಲ್ಲ, ಬಿಪಿಎಲ್ ಕಾರ್ಡ್ ಇದ್ದರೆ ಮುಗಿಯಿತು. ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಸಾಲದಿದ್ದರೆ ಇನ್ನೂ 50 ಸಾವಿರ. ಮುಖ್ಯವಾಗಿ, ಪಟ್ಟಿಯಲ್ಲಿದ್ದ ಆಸ್ಪತ್ರೆಗಳು ಹಳ್ಳಿ ಕಡೆಗೆ ಬಂದು ಶಿಬಿರ ಹಾಕಬೇಕಿತ್ತು. ಎದೆ ಭಾರ, ಮೇಲುಸಿರು ಎಂದು ವರ್ಷಗಟ್ಟಲೆ ಕಷಾಯ ಕುಡಿದುಕೊಂಡಿದ್ದವರು ಸಿಕ್ಕಿದ್ದು ಈ ಶಿಬಿರಗಳಲ್ಲಿ. ಕಾರ್ಡ್ ಕೈಯಲ್ಲಿದ್ದರೂ ಕಾಯಿಲೆ ಇದೆಯೆಂದು ಹೇಳುವವರಿಲ್ಲದಿದ್ದರೆ ಅದು ಟ್ರಂಕಿನೊಳಗೇ ಉಳಿಯುತ್ತದೆ.

ಇದಕ್ಕೆ ಏಳು ವರ್ಷ ಮೊದಲೇ ಕರ್ನಾಟಕ ಇನ್ನೊಂದು ದಾರಿ ನೋಡಿತ್ತು. 2003ರ ಜೂನ್‌ನಲ್ಲಿ ಶುರುವಾದ ಯಶಸ್ವಿನಿಯಲ್ಲಿ ರೈತ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಬೇಕಿತ್ತು. ಜತೆಗೆ ಸರ್ಕಾರದ ಪಾಲು. ಸಹಕಾರ ಇಲಾಖೆಯೂ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರೂ ಸೇರಿ ಕಟ್ಟಿದ ಯೋಜನೆ ಅದು. ಲಕ್ಷಾಂತರ ರೈತರು ಮೊದಲ ವರ್ಷವೇ ಸದಸ್ಯರಾದರು, ದೇಶವಿದೇಶಗಳಿಂದ ನೋಡಲು ಜನ ಬಂದರು. ಅದರ ಹಿಂದಿದ್ದ ಮಾತು ಇವತ್ತಿಗೂ ನಮ್ಮ ಕಟ್ಟೆಗಳಲ್ಲಿ ಕೇಳಿಸುತ್ತದೆ: ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ, ಐದು ರೂಪಾಯಿಯಾದರೂ ಕೊಡಲಿ.

ಈ ಮಾತಿಗೆ ನನ್ನದೊಂದು ತಕರಾರಿದೆ. ಯಶಸ್ವಿನಿಗೆ ಸದಸ್ಯನಾಗಲು ಸಹಕಾರ ಸಂಘದ ಸದಸ್ಯನಾಗಿರಬೇಕು. ಸಂಘದ ಸದಸ್ಯನಾಗಲು ಸಾಮಾನ್ಯವಾಗಿ ಒಂದು ತುಂಡು ಹೊಲವೋ, ಹಾಲು ಕರೆಯುವ ಎಮ್ಮೆಯೋ ಬೇಕು. ಹೊಲವೂ ಇಲ್ಲದೆ, ಎಮ್ಮೆಯೂ ಇಲ್ಲದೆ, ಅವರಿವರ ಹೊಲದಲ್ಲಿ ಮಲ್ಲಿಗೆ ಮೊಗ್ಗು ಬಿಡಿಸುವ ಹಡಗಲಿಯ ಹೆಂಗಸು ಎಲ್ಲಿಗೆ ಹೋಗಬೇಕು? ದಿನದ ಕೂಲಿಯವಳಿಗೆ ಇಡೀ ವರ್ಷದ ಕಂತನ್ನು ಒಂದೇ ಸಲ ಎತ್ತಿಕೊಡುವುದೂ ಭಾರವೇ. 2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕರಗಿಸಿದರು. ರೈತರು ಕೇಳಿದರೆಂದು 2023ರ ಜನವರಿಯಿಂದ ಮತ್ತೆ ತಂದರು. ಈಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪರಿಶಿಷ್ಟರ ಪಾಲನ್ನು ಸರ್ಕಾರ ಕಟ್ಟುತ್ತದೆ. ಯೋಜನೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಪಿಎಲ್ ಕಾರ್ಡಿನ ಮಧ್ಯಮ ರೈತನಿಗೆ ಅದೊಂದು ದೊಡ್ಡ ಆಸರೆ. ಆದರೆ ಬಡವರು ಏನೂ ಕೊಡುವುದಿಲ್ಲ ಎಂಬ ಗ್ರಹಿಕೆಯಿದೆಯಲ್ಲ, ಅದು ಸುಳ್ಳು. ಸಾಬೂನಿನ ಮೇಲೆ, ಮೊಬೈಲ್ ರೀಚಾರ್ಜಿನ ಮೇಲೆ, ಬೈಕಿಗೆ ಹಾಕಿಸುವ ಪೆಟ್ರೋಲಿನ ಮೇಲೆ, ಗಂಡ ಕುಡಿಯುವ ಕ್ವಾರ್ಟರಿನ ಮೇಲೆ ತೆರಿಗೆ ಕೊಟ್ಟವರು ಅವರೂ ಹೌದು. ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ಬರುವ ಹಣ ಸಣ್ಣದಲ್ಲ, ಅದರಲ್ಲಿ ನಮ್ಮ ಕಡೆಯ ಕೂಲಿಕಾರರ ಪಾಲೂ ಸಣ್ಣದಲ್ಲ. ಕಂತು ಕಟ್ಟಿಯಾಗಿದೆ. ರಸೀದಿ ಸಿಕ್ಕಿಲ್ಲ, ಅಷ್ಟೆ.

ಈಗಿರುವುದು 2018ರ ಅಕ್ಟೋಬರ್ ಕೊನೆಗೆ ಕೇಂದ್ರ ಮತ್ತು ರಾಜ್ಯದ ಯೋಜನೆಗಳನ್ನು ಬೆಸೆದು ಮಾಡಿದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಉಚಿತ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಕೇಂದ್ರ 60, ರಾಜ್ಯ 40 ಎಂಬ ಹಂಚಿಕೆ ಕೇಳಲು ಚೆನ್ನಾಗಿದೆ. ಅದು ಅನ್ವಯಿಸುವುದು ಕೇಂದ್ರದ ಪಟ್ಟಿಯಲ್ಲಿರುವ 62 ಲಕ್ಷ ಕುಟುಂಬಗಳಿಗಷ್ಟೆ. ಉಳಿದವರ ಹೊರೆಯೆಲ್ಲ ರಾಜ್ಯದ ತಲೆಯ ಮೇಲೆ. ಕಾರ್ಡಿನ ಮೇಲೆ ಯಾರ ಫೋಟೊ ಇರಬೇಕು ಎಂಬ ಜಗಳದ ಹಿಂದಿನ ಅಸಲು ಲೆಕ್ಕ ಇದು.

ಎಲ್ಲವೂ ನಿಂತಿರುವುದು ರೇಷನ್ ಕಾರ್ಡಿನ ಮೇಲೆ. 2024ರ ನವೆಂಬರ್‌ನಲ್ಲಿ ಅನರ್ಹರೆಂದು ಬಿಪಿಎಲ್ ಕಾರ್ಡುಗಳನ್ನು ಕತ್ತರಿಸಲು ಹೋಗಿ, ಗದ್ದಲವೆದ್ದು, ಸರ್ಕಾರ ಹಿಂದೆ ಸರಿಯಿತಲ್ಲ, ಆಗ ಮಾತಾಡಿದವರೆಲ್ಲ ಅಕ್ಕಿಯ ಬಗ್ಗೆ ಮಾತಾಡಿದರು. ಅಕ್ಕಿಯನ್ನು ಅಂಗಡಿಯಲ್ಲಾದರೂ ಕೊಳ್ಳಬಹುದು. ಕಾರ್ಡಿನ ಬಣ್ಣ ಬದಲಾದ ದಿನ ಐದು ಲಕ್ಷದ ಚಿಕಿತ್ಸೆ ಶೇ 30ಕ್ಕೆ ಇಳಿಯುತ್ತದೆ ಎಂಬುದನ್ನು ಹೇಳಿದವರು ಕಡಿಮೆ.

ಇನ್ನು ರೆಫರಲ್ ಚೀಟಿಯ ವಿಚಾರ. ತುರ್ತು ಪ್ರಕರಣ ಬಿಟ್ಟರೆ ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆದು ಖಾಸಗಿಗೆ ಹೋಗಬೇಕು. ತತ್ವದಲ್ಲಿ ಇದು ಸರಿಯಾದ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಹೆರಿಗೆಗೂ ಹರ್ನಿಯಾಕ್ಕೂ ಖಾಸಗಿಯವರಿಗೆ ಹಣ ತೆರುವುದೇಕೆ? ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆ ತಜ್ಞನ ಕುರ್ಚಿ ಖಾಲಿಯಿದ್ದರೆ, ಆ ನಿಯಮ ರೋಗಿಗೆ ಒಂದು ದಿನ ತಡ ಮಾಡುವ ಮುದ್ರೆಯಷ್ಟೇ ಆಗುತ್ತದೆ. ಹಿರೇಹಡಗಲಿಯವರಿಗೆ ಹೋಬಳಿಯ ಆಸ್ಪತ್ರೆ, ಅದರ ಮೇಲೆ ಹಡಗಲಿಯ ತಾಲ್ಲೂಕು ಆಸ್ಪತ್ರೆ, ಅದರ ಮೇಲೆ ಹೊಸಪೇಟೆ. ಕಾಗದದ ಮೇಲೆ ನೇರ ಏಣಿ. ರೋಗಿಗಳು ಈ ಏಣಿ ಹತ್ತುವುದಿಲ್ಲ. ಜಿಲ್ಲಾಕೇಂದ್ರ ಹೊಸಪೇಟೆ ಅವರಿಗೆ ದೂರದೂರು. ಕಾಲು ಹೋಗುವುದು ದಾವಣಗೆರೆಗೆ, ಹೊಳೆ ದಾಟಿ ಹಾವೇರಿಗೆ, ಹುಬ್ಬಳ್ಳಿಗೆ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಹೆಸರು ಹೇಳಿದರೆ ‘ಅಷ್ಟು ದೂರ ಯಾರ್ ಹೊಕ್ಕಾರ್ರಿ’ ಎನ್ನುತ್ತಾರೆ.

ಹೋದ ಮೇಲೆ ಖರ್ಚಿನ ಇನ್ನೊಂದು ಪುಸ್ತಕ ತೆರೆಯುತ್ತದೆ. ಶಸ್ತ್ರಚಿಕಿತ್ಸೆ ಉಚಿತ, ಒಪ್ಪೋಣ. ಅದಕ್ಕೆ ಮೊದಲಿನ ಸ್ಕ್ಯಾನಿಂಗ್, ಹೊರಗಿನ ಅಂಗಡಿಯ ಔಷಧಿ, ಟಂಟಂ ಬಾಡಿಗೆ, ಜತೆಗೆ ಹೋದ ಇಬ್ಬರ ಊಟ, ಆ ಇಬ್ಬರ ತಪ್ಪಿದ ಕೂಲಿ, ಮನೆಯಲ್ಲಿ ದನ ನೋಡಿಕೊಂಡವನಿಗೆ ಕೊಡಬೇಕಾದ ಕಾಸು. ಪ್ಯಾಕೇಜಿನಲ್ಲಿ ಇವುಗಳಲ್ಲಿ ಹೆಚ್ಚಿನದಕ್ಕೆ ಸಾಲು ಇಲ್ಲ. ನಾಲ್ಕು ಕುರಿ ಮಾರಿದರು, ಸೊಸೆಯ ಬೆಂಡೋಲೆ ಅಡವಿಟ್ಟರು, ಸಂಘದಿಂದ ಸಾಲ ಎತ್ತಿದರು ಎಂಬ ಮಾತು ‘ಕಾರ್ಡ್ ಇತ್ತು’ ಎನ್ನುವವರ ಮನೆಯಲ್ಲೂ ಕೇಳುತ್ತದೆ. ದೇಶದ ಲೆಕ್ಕ ನೋಡಿದರೆ ಸ್ಥಿತಿ ಸುಧಾರಿಸಿದೆ. ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013–14ರಲ್ಲಿ ಶೇ 64.2 ಇತ್ತು, 2021–22ಕ್ಕೆ ಶೇ 39.4ಕ್ಕೆ ಬಂದಿದೆ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ. ಅದೇ ವರ್ಷ ಸರ್ಕಾರಗಳೆಲ್ಲ ಸೇರಿ ಖರ್ಚು ಮಾಡಿದ್ದು ದೇಶದ ಉತ್ಪನ್ನದ ಶೇ 1.84. 2025ರೊಳಗೆ ಶೇ 2.5 ಮಾಡುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದಿಟ್ಟಿತ್ತು.

ಯಾರು ಕಟ್ಟಬೇಕು ಎಂಬ ಜಗ್ಗಾಟ ರೋಗಿ ಮತ್ತು ಸರ್ಕಾರದ ನಡುವೆ ಮಾತ್ರ ನಡೆಯುವುದಿಲ್ಲ. ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಚಿಗಟೇರಿ ಜನರಲ್ ಆಸ್ಪತ್ರೆ ಎಂದು ಹೆಸರು. ಚಿಗಟೇರಿ ಎಂಬ ಊರಿರುವುದು ಹರಪನಹಳ್ಳಿ ತಾಲ್ಲೂಕಿನಲ್ಲಿ. ಈ ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಯುವವರು, ರಾತ್ರಿ ಪಾಳಿಯಲ್ಲಿ ಸೂಜಿ ಚುಚ್ಚುವವರು ಖಾಸಗಿ ಜೆಜೆಎಂ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು. 2020ರಲ್ಲಿ ಕೋವಿಡ್ ಉಬ್ಬರಿಸುತ್ತಿದ್ದಾಗ ಅಲ್ಲಿ ಸರ್ಕಾರಿ ಕೋಟಾದಡಿ ಓದುತ್ತಿದ್ದ ಕಿರಿಯ ವೈದ್ಯರು 16 ತಿಂಗಳ ಶಿಷ್ಯವೇತನ ಬಂದಿಲ್ಲವೆಂದು ಬೀದಿಗೆ ಬಂದರು. ಕಾಲೇಜು ಕೊಡಬೇಕು ಎಂದಿತು ಸರ್ಕಾರ, ಸರ್ಕಾರ ಕೊಡಬೇಕು ಎಂದಿತು ಕಾಲೇಜು. ಎರಡೂ ಕಡೆ ಕಾಗದಪತ್ರ ಸರಿಯಾಗಿತ್ತು. ಸಂಬಳವಿಲ್ಲದೆ ದುಡಿದವರು ಮಧ್ಯದಲ್ಲಿದ್ದರು.

ಇಷ್ಟೆಲ್ಲ ಹೇಳಿದರೂ ನಾವಿನ್ನೂ ಆಸ್ಪತ್ರೆಯೊಳಗೇ ಇದ್ದೇವೆ. ನನ್ನ ಮುಖ್ಯ ಅಳುಕಿರುವುದು ಆಸ್ಪತ್ರೆಯ ಹೊರಗೆ.

ಹೊಸ ವಿಜಯನಗರ ಜಿಲ್ಲೆ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 2021ರ ಅಕ್ಟೋಬರ್ 2ರಂದು. ಹೊಸಪೇಟೆಯಲ್ಲಿ ತಳಿರುತೋರಣ ಕಟ್ಟುತ್ತಿದ್ದ ಆ ದಿನಗಳಲ್ಲೇ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಜನ ವಾಂತಿಭೇದಿಯಿಂದ ಬೀಳುತ್ತಿದ್ದರು. ನಲ್ಲಿಯ ನೀರು ಕೆಟ್ಟಿತ್ತು. ಪೈಪು ಒಡೆದು ಹೊಲಸು ನೀರು ಸೇರಿತ್ತೆಂದು ಊರವರು ದೂರಿದರು. ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಹಂಚಿಹೋದರು. ಆರು ಜನ ತೀರಿಕೊಂಡರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಿರಿಯ ಐಎಎಸ್ ಅಧಿಕಾರಿಯಿಂದ ತನಿಖೆ ಮಾಡಿಸುವುದಾಗಿ ಹೇಳಿದರು, ಸತ್ತವರ ಕುಟುಂಬಕ್ಕೆ ತಲಾ ಮೂರು ಲಕ್ಷ ಪರಿಹಾರ ಘೋಷಿಸಿದರು.

ಲೆಕ್ಕ ಹಾಕಿದರೆ ಹದಿನೆಂಟು ಲಕ್ಷ. ಸರ್ಕಾರದ ಬಳಿ ಹಣವಿರಲಿಲ್ಲ ಎನ್ನುವಂತಿಲ್ಲ. ಹಣ ಬಂತು, ಸತ್ತ ಮೇಲೆ ಬಂತು. ಹಳ್ಳಿಯ ಒಂದು ಕೇರಿಯ ಪೈಪು ಬದಲಿಸಿ, ಕ್ಲೋರಿನ್ ಹಾಕುವ ನೀರುಗಂಟಿಗೆ ತಿಂಗಳ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ವಾರಕ್ಕೊಮ್ಮೆ ನೀರಿನ ಮಾದರಿ ಪರೀಕ್ಷಿಸಲು ಎಷ್ಟು ಬೇಕು? ಬೈಪಾಸ್ ಶಸ್ತ್ರಚಿಕಿತ್ಸೆಗೆ ಪ್ಯಾಕೇಜ್ ಸಂಖ್ಯೆ ಇದೆ, ದರ ಇದೆ, ಕ್ಲೇಮ್ ಮಾಡಲು ಪೋರ್ಟಲ್ ಇದೆ. ಒಡೆದ ಪೈಪಿಗೆ ಅದ್ಯಾವುದೂ ಇಲ್ಲ. ಕ್ಲೇಮ್ ಮಾಡಲು ಯಾವ ಕಾರ್ಪೊರೇಟ್ ಆಸ್ಪತ್ರೆಯೂ ಬರುವುದಿಲ್ಲ, ಏಕೆಂದರೆ ಆಗದೇ ಉಳಿದ ವಾಂತಿಭೇದಿಗೆ ಬಿಲ್ ಮಾಡಲಾಗುವುದಿಲ್ಲ.

ಇನ್ನೂ ಒಂದು ವಿಚಿತ್ರವಿದೆ. ಜಲಜೀವನ್ ಮಿಷನ್‌ನ ಮಾರ್ಗಸೂಚಿಯ ಪ್ರಕಾರ ಊರೊಳಗಿನ ಪೈಪು, ನಲ್ಲಿಗಳ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ 10 ಊರವರ ವಂತಿಗೆ. ‘ನಮ್ಮದು’ ಎಂಬ ಭಾವನೆ ಬರಲಿ ಎಂಬ ಸದುದ್ದೇಶವಂತೆ. ಹೃದಯದ ಶಸ್ತ್ರಚಿಕಿತ್ಸೆ ಬಿಪಿಎಲ್ ಕುಟುಂಬಕ್ಕೆ ಪೂರ್ತಿ ಉಚಿತ, ಆ ಕುಟುಂಬ ಬಾಯಾರಿದಾಗ ಕುಡಿಯುವ ನೀರಿಗೆ ಮಾತ್ರ ಪಾಲು. ಆರೋಗ್ಯದ ಅರ್ಥಶಾಸ್ತ್ರದಲ್ಲಿ ಸರ್ಕಾರವಲ್ಲದೆ ಬೇರೆ ಯಾರೂ ಮಾಡಲಾಗದ ಕೆಲಸ ಯಾವುದೆಂದು ಕೇಳಿದರೆ ಮೊದಲ ಸಾಲಿನಲ್ಲಿ ಬರುವುದೇ ಕುಡಿಯುವ ನೀರು. ಅದಕ್ಕೇ ನಾವು ಜೋಳಿಗೆ ಹಿಡಿದಿದ್ದೇವೆ.

ಹಳಬರು ಇದನ್ನು ನಮಗಿಂತ ಚೆನ್ನಾಗಿ ಅರಿತಿದ್ದರು ಎನ್ನಲು ನಮ್ಮ ಸೀಮೆಯಲ್ಲೇ ಸಾಕ್ಷಿ ಇದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ ಹಡಗಲಿಗೂ ಕೂಡ್ಲಿಗಿಗೂ ಅನ್ವಯಿಸುತ್ತಿತ್ತು. ಶುದ್ಧ ನೀರು ಒದಗಿಸುವುದು, ಚರಂಡಿ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ, ತನ್ನ ವರಮಾನದಲ್ಲಿ ಗೊತ್ತಾದ ಒಂದು ಪಾಲನ್ನು ಅದು ಸಾರ್ವಜನಿಕ ಆರೋಗ್ಯಕ್ಕೆ ಎತ್ತಿಡಲೇಬೇಕು ಎಂದು ಆ ಕಾಯ್ದೆ ಬರೆದಿತ್ತು. ಏಳು ವರ್ಷದ ನಂತರ, 1946ರಲ್ಲಿ, ಭೋರ್ ಸಮಿತಿ ಹಣ ಕೊಡಲಾಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. ಕಾಯ್ದೆ ಇದ್ದ ಮಾತ್ರಕ್ಕೆ ಆಗ ಕಾಲರಾ ನಿಂತಿತ್ತೆಂದಲ್ಲ. ಬ್ರಿಟಿಷರ ಕಾಲವನ್ನು ಹಾಡಿ ಹೊಗಳುವ ಚಟವೂ ನನಗಿಲ್ಲ. ಆದರೆ ನೀರು ಮತ್ತು ಮದ್ದು ಒಂದೇ ಬಜೆಟ್ಟಿನ ಎರಡು ಸಾಲು ಎಂಬ ತಿಳಿವಳಿಕೆ ಆ ಎರಡೂ ದಾಖಲೆಗಳಲ್ಲಿದೆ. ಈಗ ನೀರು ಗ್ರಾಮೀಣಾಭಿವೃದ್ಧಿ ಇಲಾಖೆಯದು, ಮದ್ದು ಆರೋಗ್ಯ ಇಲಾಖೆಯದು, ಚಿಕಿತ್ಸೆಯ ಕಾರ್ಡು ಒಂದು ಟ್ರಸ್ಟಿನದು. ಕೂಡ್ಲಿಗಿ ಕಡೆಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಮಗುವನ್ನು ಈ ಮೂವರಲ್ಲಿ ಯಾರು ನೋಡಿಕೊಳ್ಳಬೇಕು?

ಮಕರಬ್ಬಿಯಂಥ ಊರಲ್ಲಿ ಭೇದಿ ಶುರುವಾದಾಗ ಮನೆಮನೆಗೆ ಓಆರ್‌ಎಸ್ ಪೊಟ್ಟಣ ಹಂಚಲು ಮೊದಲು ಓಡುವವಳು ಆಶಾ ಕಾರ್ಯಕರ್ತೆ. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತು ಕೇಳಿದ್ದು ತಿಂಗಳಿಗೆ 15 ಸಾವಿರ. ಸಿಕ್ಕಿದ್ದು ಕನಿಷ್ಠ 10 ಸಾವಿರದ ಭರವಸೆ. ಆರೋಗ್ಯಕ್ಕೆ ಯಾರು ಹಣ ಕೊಡಬೇಕು ಎಂಬ ಚರ್ಚೆಯಲ್ಲಿ ಕಡಿಮೆ ಕೂಲಿಗೆ ದುಡಿದು ಯೋಜನೆಗೆ ಸಬ್ಸಿಡಿ ಕೊಡುವ ಈ ಹೆಣ್ಣುಮಕ್ಕಳ ಪಾಲನ್ನು ಯಾವ ಖಾತೆಗೂ ಬರೆದುಕೊಳ್ಳುವುದಿಲ್ಲ.

ಖಾಸಗಿ ಆಸ್ಪತ್ರೆಗಳ ದರದ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರ ಕಥೆ ಎರಡೇ ದೃಶ್ಯದ್ದು. 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಅಂದಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಗೆ ಹಲ್ಲು ಹಾಕಲು ಹೊರಟರು. ಖಾಸಗಿ ವೈದ್ಯರು ರಾಜ್ಯದಾದ್ಯಂತ ಹೊರರೋಗಿ ವಿಭಾಗ ಮುಚ್ಚಿ ಕೂತರು. ಮಸೂದೆ ಪಾಸಾಯಿತು, ಹಲ್ಲು ಉದುರಿತ್ತು. ದರ ಕಟ್ಟುವುದು ಅಸಾಧ್ಯ, ಅವ್ಯಾವಹಾರಿಕ ಎಂದರು. ಮೂರು ವರ್ಷ ತುಂಬುವ ಮೊದಲೇ, 2020ರ ಜೂನ್‌ನಲ್ಲಿ, ಅದೇ ರಾಜ್ಯ ಕೋವಿಡ್ ರೋಗಿಗಳಿಗೆ ದರಪಟ್ಟಿ ಹೊರಡಿಸಿತು: ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200, ವೆಂಟಿಲೇಟರ್ ಸಹಿತ ಐಸಿಯುಗೆ 10 ಸಾವಿರ, ತಾವಾಗಿ ಬಂದವರಿಗೆ 10 ಸಾವಿರದಿಂದ 25 ಸಾವಿರ. ದರಪಟ್ಟಿಯನ್ನು ಎಲ್ಲ ಕಡೆ ಪಾಲಿಸಿದರೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಸರ್ಕಾರಕ್ಕೆ ದರ ಕಟ್ಟಲು ಬರುವುದಿಲ್ಲ ಎಂಬ ವಾದ ಅಂದೇ ತೀರಿಹೋಯಿತು.

ಹಾಗೆಂದು ಸರ್ಕಾರವೇ ಎಲ್ಲವನ್ನೂ ನಡೆಸಿಬಿಟ್ಟರೆ ಸರಿಹೋಗುತ್ತದೆ ಎನ್ನುವವರಿಗೆ 2024ರ ನವೆಂಬರ್ ನೆನಪಿರಬೇಕು. ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು, ಐವರು. ಹೆರಿಗೆಗೆ ಅವರು ಹಣ ಕೊಟ್ಟಿರಲಿಲ್ಲ. ಶಂಕೆ ಹೋದದ್ದು ನರಕ್ಕೆ ಹರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ತಮ್ಮ ಪ್ರಯೋಗಾಲಯ ಆ ಕಂಪನಿಯ ಮಾಲಿನ ಬಗ್ಗೆ ಮೊದಲೇ ತಕರಾರು ತೆಗೆದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು ಎಂದು ರಾಜ್ಯ ಹೇಳಿತು. ಔಷಧ ನಿಯಂತ್ರಕರ ಅಮಾನತಾಯಿತು. ಹಣ ಕಟ್ಟುವವನೂ ಸರ್ಕಾರ, ಔಷಧಿ ಕೊಳ್ಳುವವನೂ ಸರ್ಕಾರ, ಅದರ ಗುಣ ನೋಡುವವನೂ ಸರ್ಕಾರ ಆದಾಗ ಮೂರನೆಯ ಕೆಲಸಕ್ಕೆ ಮೊದಲೆರಡರ ಮರ್ಜಿ ಇರಬಾರದು. ಆ ಐವರಲ್ಲಿ ಯಾರ ಮನೆಯವರೂ ಬಿಲ್ಲಿನ ಬಗ್ಗೆ ದೂರಲಿಲ್ಲ.

ಎಲ್ಲರಿಗೂ ತೆರಿಗೆ ಹಣದಿಂದ ಚಿಕಿತ್ಸೆ ಎಂದರೆ ಶ್ರೀಮಂತ ದೇಶಗಳ ಮಾತು ಎನ್ನುವವರು ಥಾಯ್ಲೆಂಡನ್ನು ನೋಡಬೇಕು. 2001ರಲ್ಲಿ ಅದು ತಂದ ಯೋಜನೆ ‘ಮೂವತ್ತು ಬಾತ್’ ಎಂದೇ ಹೆಸರಾಯಿತು. ರೋಗಿ ಕೊಡಬೇಕಾದದ್ದು ಅಷ್ಟೇ, ಉಳಿದದ್ದು ಸರ್ಕಾರದ್ದು. ನಮ್ಮಲ್ಲಿ ಅದನ್ನು ಹೊಗಳುವವರು ಅದರ ಹಿಂದಿನ ಅಧ್ಯಾಯ ಬಿಟ್ಟುಬಿಡುತ್ತಾರೆ. ಕಾರ್ಡ್ ಕೊಡುವ ಇಪ್ಪತ್ತು ವರ್ಷ ಮೊದಲು, ಎಂಬತ್ತರ ದಶಕದಲ್ಲಿ, ಆ ದೇಶ ನಗರದ ದೊಡ್ಡಾಸ್ಪತ್ರೆಗಳಿಗೆ ಹೋಗುತ್ತಿದ್ದ ಹಣವನ್ನು ತಡೆದು ತಾಲ್ಲೂಕು ಮಟ್ಟದ ಆಸ್ಪತ್ರೆಗಳನ್ನು ಕಟ್ಟಿತು, ಓದು ಮುಗಿಸಿದ ವೈದ್ಯರನ್ನು ಕಡ್ಡಾಯವಾಗಿ ಹಳ್ಳಿಗೆ ಕಳಿಸಿತು. ಕಾರ್ಡ್ ಬಂದಾಗ ಅದನ್ನು ತೋರಿಸಲು ಹತ್ತಿರದಲ್ಲೊಂದು ಜಾಗವಿತ್ತು. ನಾವು ಉಲ್ಟಾ ಹೊರಟಿದ್ದೇವೆ. ಕಾರ್ಡ್ ಮೊದಲು ಕೊಟ್ಟೆವು, ಅದರ ಹಣ ಹಡಗಲಿಯಿಂದ ದಾವಣಗೆರೆಗೂ ಹುಬ್ಬಳ್ಳಿಗೂ ಹರಿದು ಅಲ್ಲಿನ ಕಟ್ಟಡಗಳಿಗೆ ಮಹಡಿ ಏರಿಸುತ್ತಿದೆ. ಪದವಿ ಮುಗಿಸಿದ ವೈದ್ಯರು ಒಂದು ವರ್ಷ ಹಳ್ಳಿಸೇವೆ ಮಾಡಲೆಂದು ನಾವೂ 2012ರಲ್ಲಿ ಕಾಯ್ದೆ ಮಾಡಿದೆವು. ಅದನ್ನು ಸಡಿಲಿಸಿದವರೂ ನಾವೇ.

ಸರಿಯಾದ ದಿಕ್ಕಿನ ಒಂದು ಉದಾಹರಣೆ ನಮ್ಮಲ್ಲೂ ಇದೆ. 2023ರ ನವೆಂಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಬಂದ ಹೃದಯಜ್ಯೋತಿ ಯೋಜನೆ ರೋಗಿಯನ್ನು ಕೂಡಲೇ ನಗರಕ್ಕೆ ಅಟ್ಟುವುದಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಹೃದಯಾಘಾತದ ಮೊದಲ ತಾಸಿನಲ್ಲಿ ಐದು ಲಕ್ಷದ ಕಾರ್ಡಿಗಿಂತ ಆ ಒಂದು ಸೂಜಿಯೂ ಅದನ್ನು ಚುಚ್ಚುವ ಒಬ್ಬ ವೈದ್ಯನೂ ಹೆಚ್ಚು.

ಹಡಗಲಿಯಲ್ಲಾಗಲಿ, ಕೊಟ್ಟೂರಿನಲ್ಲಾಗಲಿ ರಾತ್ರಿ ಹನ್ನೊಂದಕ್ಕೆ ಆ ವೈದ್ಯ ಇದ್ದಾನೆಯೇ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ತಾಲ್ಲೂಕು ಆಸ್ಪತ್ರೆ ಕಳೆದ ತಿಂಗಳು ಎಷ್ಟು ಜನರನ್ನು ಹೊರಗೆ ರೆಫರ್ ಮಾಡಿತು, ಯಾವ ಕಾಯಿಲೆಗೆ, ಯಾವ ಊರಿಗೆ, ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನು ರೋಗಿಯ ಹೆಸರು ಬಿಟ್ಟು ಗೋಡೆಗೆ ಅಂಟಿಸಬೇಕು. ಹತ್ತು ಮೂಳೆ ಮುರಿತ ಹೊರಗೆ ಹೋಗಿದ್ದರೆ ಯಾವ ತಜ್ಞನ ಹುದ್ದೆ ತುಂಬಬೇಕೆಂದು ಹೇಳಲು ಸಮಿತಿ ಬೇಡ. ವಾಂತಿಭೇದಿಗೆ ಹತ್ತು ಜನ ಬಂದಿದ್ದರೆ ಯಾವ ಊರಿನ ಪೈಪು ನೋಡಬೇಕೆಂಬುದೂ ಅಲ್ಲೇ ಗೊತ್ತಾಗುತ್ತದೆ. ಆಸ್ಪತ್ರೆ ತಾನಾಗಿ ಅಂಟಿಸದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು. ಅರ್ಜಿ ಶುಲ್ಕ ಹತ್ತು ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ.